ಮೆರುಗು ಕೆಟ್ಟಾಗ ಹುಡುಕಬೇಕಾದ ಪದರ: ಸಣ್ಣ ಮರಗೆಲಸದ ಅಲಂಕಾರಿಕ ಲೇಪಗಳಿಗೆ ದೋಷ ನಿವಾರಣೆ ಕೈಪಿಡಿ

ಕೈಯಿಂದ ಮಾಡಿದ ಪೆಟ್ಟಿಗೆ, ಚೌಕಟ್ಟು, ಆಟಿಕೆ, ಕಡೆದ ಬಟ್ಟಲು ಇಂಥ ಸಣ್ಣ ವಸ್ತುಗಳ ಮೆರುಗು ಕೆಟ್ಟಾಗ ತಪ್ಪನ್ನು ಡಬ್ಬಿಯ ಮೇಲೆ ಹೊರಿಸಿ, ಬೇರೆ ಕಂಪನಿಯ ಲೇಪ ತಂದು ಮೇಲೊಂದು ಪದರ ಬಳಿಯುವುದು ಸಾಮಾನ್ಯ. ಡಬ್ಬಿಯೊಳಗಿನ ಲೇಪ ನಿಜವಾಗಿಯೂ ಕೆಟ್ಟಿರುವುದು ಅಪರೂಪ. ಬಹುಪಾಲು ದೋಷಗಳು ಮರ, ಬಣ್ಣ, ಸೀಲರ್ (ಮರದ ರಂಧ್ರಗಳನ್ನು ಮುಚ್ಚುವ ಮೊದಲ ಲೇಪ), ಮೇಲ್ಲೇಪ ಎಂಬ ನಾಲ್ಕು ಪದರಗಳ ಪೈಕಿ ಯಾವುದೋ ಒಂದರಲ್ಲಿ ಹುಟ್ಟಿ, ಅದಕ್ಕಿಂತ ಮೇಲಿನ ಪದರದಲ್ಲಿ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ದೋಷ ಹುಟ್ಟಿದ್ದು ಯಾವ ಪದರದಲ್ಲಿ ಎಂಬುದು ತಿಳಿಯುವವರೆಗೆ ಇನ್ನೊಂದು ಪದರ ಹಚ್ಚಬಾರದು. ಹಾಗೆ ಹಚ್ಚಿದ ಪದರ ದೋಷವನ್ನು ಮುಚ್ಚುವುದಿಲ್ಲ; ಮುಂದೆ ಕೆರೆದು ತೆಗೆಯಬೇಕಾದ ದಪ್ಪವನ್ನು ಮಾತ್ರ ಹೆಚ್ಚಿಸುತ್ತದೆ.

ಸಣ್ಣ ವಸ್ತುಗಳಿಗೆ ಪ್ರತ್ಯೇಕ ಗಮನ ಬೇಕಾಗುವುದಕ್ಕೆ ಕಾರಣಗಳಿವೆ. ಮೇಜಿನ ಹಲಗೆಯಲ್ಲಿ ಎಳೆಗೆ ಅಡ್ಡವಾಗಿ ಕೊಯ್ದ ಮುಖ ಅಂಚಿನಲ್ಲಿ ಅಷ್ಟಿಷ್ಟು ಇದ್ದರೆ, ಒಂದು ಗೇಣಿನ ಪೆಟ್ಟಿಗೆಯಲ್ಲಿ ಅದರ ಪಾಲು ಬಹಳ ಹೆಚ್ಚು. ವಸ್ತುವನ್ನು ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು ನೋಡುತ್ತಾರೆ. ಮೂಲೆಗಳು, ಕೆತ್ತನೆಯ ಕುಳಿಗಳು, ಗಾಳಿಯಾಡದ ಒಳಭಾಗಗಳು ಲೇಪ ನಿಂತುಕೊಳ್ಳಲು ಅನುಕೂಲವಾದ ಜಾಗಗಳು.

ಮೊದಲ ತಪಾಸಣೆ

ವಸ್ತುವನ್ನು ಕಿಟಕಿಯ ಅಥವಾ ದೀಪದ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿದು ನೋಡಬೇಕು. ದೋಷವು ಬೆಳಕಿನ ಕೋನ ಬದಲಾದಾಗ ಮಾಯವಾದರೆ ಅದು ಮೇಲ್ಮೈಯ ಆಕಾರದ ಅಥವಾ ಹೊಳಪಿನ ದೋಷ. ಎಲ್ಲ ಕೋನಗಳಿಂದಲೂ ಒಂದೇ ರೀತಿ ಕಂಡರೆ ಅದು ಬಣ್ಣದ ಅಥವಾ ಮರದ ದೋಷ. ಅನಂತರ ಕಾಣದ ಜಾಗದಲ್ಲಿ ಉಗುರನ್ನು ಒತ್ತಿ ನೋಡಬೇಕು. ಗುರುತು ಮೂಡಿದರೆ ಪದರ ಇನ್ನೂ ಗಟ್ಟಿಯಾಗಿಲ್ಲ. ಮೂಗು ಕೂಡ ನಂಬಬಹುದಾದ ಸಾಧನವೇ: ದ್ರಾವಕದ ಅಥವಾ ಎಣ್ಣೆಯ ವಾಸನೆ ಇನ್ನೂ ಬರುತ್ತಿದ್ದರೆ, ಮುಟ್ಟಿದಾಗ ಒಣಗಿದಂತೆ ಕಂಡರೂ ಲೇಪ ಪೂರ್ತಿ ಒಣಗಿಲ್ಲವೆಂದೇ ಲೆಕ್ಕ.

ಹಿಂದೆ ಯಾರೋ ಹಚ್ಚಿದ ಲೇಪವಾಗಿದ್ದು, ಅದು ಏನೆಂದು ತಿಳಿಯದಿದ್ದರೆ ಹನಿ ಪರೀಕ್ಷೆ ಮಾಡಬೇಕು. ಪೆಟ್ಟಿಗೆಯ ತಳದಂಥ ಮರೆಯ ಜಾಗದಲ್ಲಿ ಒಂದು ಹನಿ ಡಿನೇಚರ್ಡ್ ಸ್ಪಿರಿಟ್ ಇಟ್ಟು ಒಂದೆರಡು ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಿದಾಗ ಮೇಲ್ಮೈ ಅಂಟಂಟಾಗಿ ಕರಗಿದ್ದರೆ ಅದು ಶೆಲ್ಯಾಕ್, ಅಂದರೆ ಅರಗಿನ ಪಾಲಿಶ್. ಸ್ಪಿರಿಟ್ಟಿಗೆ ಕರಗದೆ ತಿನ್ನರಿಗೆ (ಲ್ಯಾಕರನ್ನು ತೆಳುವಾಗಿಸುವ ದ್ರಾವಕಕ್ಕೆ) ಪೂರ್ತಿ ಕರಗಿ ನೀರಾದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ತಿನ್ನರಿಗೆ ಕರಗದೆ ಮೆತ್ತಗಾಗಿ ರಬ್ಬರಿನಂತಾದರೆ ಬಹುಶಃ ನೀರಿನಾಧಾರದ ಅಕ್ರಿಲಿಕ್. ಯಾವುದಕ್ಕೂ ಜಗ್ಗದಿದ್ದರೆ ಪಾಲಿಯುರೆಥೇನ್ ಅಥವಾ ಅಂಥದೇ ಗಟ್ಟಿ ವಾರ್ನಿಶ್. ಇಲ್ಲಿ ಕ್ರಮ ಮುಖ್ಯ. ತಿನ್ನರಿಗೆ ಶೆಲ್ಯಾಕ್ ಕೂಡ ಬಗ್ಗುವುದರಿಂದ ಸ್ಪಿರಿಟ್ ಪರೀಕ್ಷೆ ಮೊದಲು ಆಗಬೇಕು. ಇನ್ನು ಒಂದು ಹನಿ ನೀರು ಇಟ್ಟೊಡನೆ ಮರ ಕಪ್ಪಾಗಿ ನೀರನ್ನು ಹೀರಿಕೊಂಡರೆ ಮೇಲೆ ಪದರವೇ ಇಲ್ಲ, ಬರೀ ತೆಳುವಾದ ಎಣ್ಣೆಯೋ ಮೇಣವೋ ಇದೆ ಎಂದರ್ಥ.

ಬಣ್ಣ ಕಲೆಕಲೆಯಾಗಿ ಕೂತಿದ್ದರೆ

ಇದು ಅತಿ ಹೆಚ್ಚು ಬೇಸರ ತರುವ ದೋಷ; ಕಾರಣಗಳೂ ಹಲವು. ಕಲೆಯ ಆಕಾರವೇ ಕಾರಣವನ್ನು ಹೇಳುತ್ತದೆ. ಜೋಡಣೆಯ ಗೆರೆಯ ಉದ್ದಕ್ಕೂ, ಅಥವಾ ಬೆರಳಚ್ಚಿನ ಆಕಾರದಲ್ಲಿ, ಬಣ್ಣ ಹಿಡಿಯದೆ ತೆಳುವಾಗಿ ಉಳಿದ ಕಲೆಗಳು ಅಂಟಿನವು. ಜೋಡಿಸುವಾಗ ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಅದು ಹೋಗಿಬಿಟ್ಟಿತು ಎನಿಸುತ್ತದೆ; ವಾಸ್ತವದಲ್ಲಿ ತೆಳುವಾಗಿ ಹರಡಿ ರಂಧ್ರಗಳನ್ನು ಮುಚ್ಚಿರುತ್ತದೆ. ಬಣ್ಣ ಹಚ್ಚುವ ಮುನ್ನ ಇಡೀ ವಸ್ತುವನ್ನು ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಅಂಟು ಇರುವ ಜಾಗ ತಿಳಿ ಬಣ್ಣದಲ್ಲಿ ಎದ್ದು ಕಾಣುತ್ತದೆ, ಟರ್ಪೆಂಟೈನ್ ಆರಿಹೋದ ಮೇಲೆ ಮರಕ್ಕೆ ಏನೂ ಆಗಿರುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಕಂಡುಬಂದರೆ ಆ ಜಾಗವನ್ನು ಚೂಪಾದ ಉಳಿಯಿಂದ ಅಥವಾ ಹೆರೆಯುವ ತಗಡಿನಿಂದ ಹೆರೆದು, ಸುತ್ತಲಿನ ಭಾಗಕ್ಕೆ ಬಳಸಿದ ಅದೇ ಸಂಖ್ಯೆಯ (ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನಯ) ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬಣ್ಣವನ್ನು ಮತ್ತೆ ಹಚ್ಚಬೇಕು.

ಕಲೆಗಳು ಮೋಡದಂತೆ ಅಂಚಿಲ್ಲದೆ ಹರಡಿದ್ದರೆ ಅದು ಮರದ ಸ್ವಭಾವ. ಪೈನ್, ಬರ್ಚ್, ಮೇಪಲ್, ಚೆರ್ರಿ ಮರಗಳಲ್ಲಿ ಒಂದೇ ಹಲಗೆಯ ಸಾಂದ್ರತೆ ಅಲ್ಲಲ್ಲಿ ಬೇರೆ, ಎಳೆ ಮೇಲ್ಮೈಯತ್ತ ಬಾಗುವ ಕೋನವೂ ಬೇರೆ. ಹೀಗಾಗಿ ದ್ರವವನ್ನು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಹೀರುತ್ತವೆ. ಒಮ್ಮೆ ಇಳಿದ ಬಣ್ಣವನ್ನು ಸಮ ಮಾಡುವ ಮದ್ದು ಇಲ್ಲ. ಮರದ ತಾಜಾ ಪದರ ಕಾಣುವವರೆಗೆ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಸೀಲರ್ ಹಚ್ಚಿ ಅದರ ಮೇಲೆ ತೆಳುವಾದ ಬಣ್ಣದ ಪದರವನ್ನು ತೇಲಿಸಿ ಒಟ್ಟಾರೆ ಗಾಢಗೊಳಿಸಬೇಕು. ಎರಡನೆಯದು ಮರದ ಎಳೆಯ ಅಂದವನ್ನು ಮಂಕಾಗಿಸುತ್ತದೆಂಬುದು ನನ್ನ ತಕರಾರು. ಎಳೆಯನ್ನೇ ಮರೆಮಾಡುವುದಾದರೆ ಮರ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಏಳುತ್ತದೆ. ಮುಂದಿನ ಸಲಕ್ಕೆ, ಬಣ್ಣಕ್ಕೆ ಮುನ್ನ ಒಂದು ಲೀಟರ್ ಸ್ಪಿರಿಟ್ಟಿಗೆ 60ರಿಂದ 120 ಗ್ರಾಂ ಶೆಲ್ಯಾಕ್ ಚೂರುಗಳನ್ನು ಕರಗಿಸಿದ ತೆಳು ದ್ರಾವಣವನ್ನು ಹಚ್ಚಿ, ಒಣಗಿಸಿ, 320ರ ಪೇಪರಿನಿಂದ ಹಗುರವಾಗಿ ಉಜ್ಜಿದರೆ ಹೀರಿಕೆ ಬಹುಮಟ್ಟಿಗೆ ಸಮನಾಗುತ್ತದೆ. ಒಳಗಿಳಿಯದೆ ಮೇಲೆಯೇ ನಿಲ್ಲುವ ಜೆಲ್ ಸ್ಟೇನ್ ಇನ್ನೊಂದು ದಾರಿ.

ಅಡ್ಡಕೊಯ್ದ ಮುಖಗಳು ಮಾತ್ರ ಕಪ್ಪಾಗಿದ್ದರೆ ಅಲ್ಲಿ ತೆರೆದಿರುವ ಕೊಳವೆಗಳು ಬಣ್ಣವನ್ನು ಎಳೆದುಕೊಂಡಿವೆ ಎಂದರ್ಥ. ಉಳಿದ ಭಾಗವನ್ನು 180ಕ್ಕೋ 220ಕ್ಕೋ ಉಜ್ಜಿ ನಿಲ್ಲಿಸಿದ್ದರೆ ಈ ಮುಖಗಳನ್ನು 320 ಅಥವಾ 400ರವರೆಗೆ ಉಜ್ಜಬೇಕು. ನುಣುಪಾದಷ್ಟೂ ಹೀರುವುದು ಕಡಿಮೆ. ಇದರ ಮಗ್ಗುಲಲ್ಲೇ ಇರುವ ಇನ್ನೊಂದು ದೋಷವೆಂದರೆ ಗಾಢ ಬಣ್ಣ ಹಚ್ಚಿದ ಮೇಲೆ ಎಳೆಗೆ ಅಡ್ಡವಾಗಿ ಸಣ್ಣ ಗೀರುಗಳು ಕಾಣಿಸುವುದು. ವರ್ಣದ್ರವ್ಯದ ಕಣಗಳು ರಂಧ್ರಗಳಲ್ಲೂ ಗೀರುಗಳಲ್ಲೂ ಕೂತುಕೊಳ್ಳುವುದರಿಂದ ಹಿಂದಿನ ಒರಟು ಪೇಪರಿನ ಗುರುತುಗಳು ಈಗ ಬಯಲಾಗುತ್ತವೆ. 120, 150, 180, 220 ಎಂಬ ಮೆಟ್ಟಿಲುಗಳಲ್ಲಿ ಒಂದನ್ನು ಹಾರಿಸಿದ್ದೇ ಹೆಚ್ಚಾಗಿ ಕಾರಣ.

ಎರಡು ಬಣ್ಣದ ಮರ ಸೇರಿಸಿ ಮಾಡಿದ ಜಡಿತದ ಕೆಲಸದಲ್ಲಿ ತಿಳಿ ಮರ ಕೆಂಪೇರಿದ್ದರೆ ಪಕ್ಕದ ಮರವನ್ನು ಸಂಶಯಿಸಬೇಕು. ಪಡೌಕ್‌ನಂಥ ಮರದ ಕೆಂಪು ಸ್ಪಿರಿಟ್ಟಿನಲ್ಲೂ ಎಣ್ಣೆಯಲ್ಲೂ ಕರಗಿ ಹರಿಯುತ್ತದೆ. ಜೊತೆಗೆ ಉಜ್ಜುವಾಗ ಎದ್ದ ಕೆಂಪು ಪುಡಿ ಮೇಪಲ್ಲಿನ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ಬಟ್ಟೆಯಿಂದ ಒರೆಸಿದರೆ ಪುಡಿ ಇನ್ನಷ್ಟು ಒಳಹೋಗುತ್ತದೆ. ಕೊನೆಯ ಹಂತದಲ್ಲಿ ಪೇಪರಿನ ಬದಲು ಹೆರೆಯುವ ತಗಡು ಬಳಸಿ, ಪುಡಿಯನ್ನು ಗಾಳಿಯಿಂದ ಊದಿ ತೆಗೆದು, ಮೊದಲ ಸೀಲರನ್ನು ಬ್ರಷ್ಷಿನಿಂದ ಎಳೆಯದೆ ತೆಳುವಾಗಿ ಸಿಂಪಡಿಸಬೇಕು.

ಒಣಗದೆ ಅಂಟಂಟಾಗಿ ಉಳಿದಿದ್ದರೆ

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಲೇಪ ಒಣಗುವ ಬಗೆಯನ್ನು. ಶೆಲ್ಯಾಕ್ ಮತ್ತು ಲ್ಯಾಕರ್ ದ್ರಾವಕ ಆರಿ ಗಟ್ಟಿಯಾಗುತ್ತವೆ. ಅಗಸೆ ಎಣ್ಣೆ, ಟಂಗ್ ಎಣ್ಣೆ, ಎಣ್ಣೆಯಾಧಾರದ ವಾರ್ನಿಶ್ ಇವು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ರಾಸಾಯನಿಕವಾಗಿ ಗಟ್ಟಿಯಾಗುತ್ತವೆ. ಎರಡನೆಯ ಗುಂಪಿನಲ್ಲಿ ಅಂಟಂಟಿಗೆ ಬಹುಪಾಲು ಕಾರಣ ದಪ್ಪ. ಎಣ್ಣೆಯನ್ನು ಧಾರಾಳವಾಗಿ ಹಚ್ಚಬಹುದು, ಆದರೆ ಸುಮಾರು 15ರಿಂದ 20 ನಿಮಿಷದ ನಂತರ ಮೇಲೆ ನಿಂತದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಲೇಬೇಕು. ಕೆತ್ತನೆಯ ಕುಳಿಗಳಲ್ಲಿ ನಿಂತ ಎಣ್ಣೆಯನ್ನು ಒಣ ಬ್ರಷ್ಷಿನಿಂದ ಎತ್ತಬೇಕು. ಉಳಿದುಹೋದ ದಪ್ಪ ಪದರದ ಮೇಲ್ಭಾಗ ಮೊದಲು ಕೆನೆಗಟ್ಟಿ, ಆಮ್ಲಜನಕ ಕೆಳಗಿಳಿಯುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಹೀಗಾದಾಗ ಟರ್ಪೆಂಟೈನಿನಲ್ಲಿ ಅದ್ದಿದ ಒರಟು ಪ್ಯಾಡಿನಿಂದ ಉಜ್ಜಿ ಜಿಗುಟನ್ನು ಎತ್ತಿ, ಒರೆಸಿ, ಗಾಳಿಯಾಡುವ ಬೆಚ್ಚಗಿನ ಜಾಗದಲ್ಲಿ ಇಡಬೇಕು.

ತೆಳುವಾಗಿ ಹಚ್ಚಿ ಒರೆಸಿದ್ದರೂ ಒಣಗದಿದ್ದರೆ ಎಣ್ಣೆಯ ಜಾತಿಯನ್ನು ನೋಡಬೇಕು. ಖನಿಜ ತೈಲ, ಕೊಬ್ಬರಿ ಎಣ್ಣೆಯಂಥವು ಎಷ್ಟು ಕಾಲ ಬಿಟ್ಟರೂ ಗಟ್ಟಿಯಾಗುವ ಎಣ್ಣೆಗಳೇ ಅಲ್ಲ. ಕಚ್ಚಾ ಅಗಸೆ ಎಣ್ಣೆ ಗಟ್ಟಿಯಾಗುತ್ತದೆ, ಆದರೆ ಹಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಕಾಯಿಸಿದ ಅಗಸೆ ಎಣ್ಣೆ ಎಂಬ ಹೆಸರಿನಲ್ಲಿ ಸಿಗುವುದು ಇಂದು ಹೆಚ್ಚಾಗಿ ಕಾಯಿಸಿದ್ದಲ್ಲ, ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿದ್ದು.

ಎಣ್ಣೆ ಸರಿ, ದಪ್ಪವೂ ಸರಿ, ಆದರೂ ಅಂಟು ಹೋಗಿಲ್ಲವೆಂದರೆ ಉಳಿದದ್ದು ಮರ. ಬೀಟೆ ಮತ್ತು ಅದರ ಬಳಗದ ಮರಗಳಲ್ಲಿರುವ ಕೆಲವು ಸಹಜ ರಾಸಾಯನಿಕಗಳು ಎಣ್ಣೆ ಆಮ್ಲಜನಕದೊಡನೆ ಸೇರುವುದನ್ನೇ ತಡೆಯುತ್ತವೆ. ತೇಗದಂಥ ಎಣ್ಣೆಯಂಶದ ಮರಗಳಲ್ಲೂ ಒಣಗುವಿಕೆ ನಿಧಾನ. ಇಂಥ ಮರಕ್ಕೆ ಎಣ್ಣೆ ಅಥವಾ ಪಾಲಿಯುರೆಥೇನನ್ನು ನೇರವಾಗಿ ಹಚ್ಚಬಾರದು. ಅಂಟಿರುವುದನ್ನು ಪೂರ್ತಿ ತೊಳೆದು ತೆಗೆದು, ಮೇಣ ಬೇರ್ಪಡಿಸಿದ ಶೆಲ್ಯಾಕಿನಿಂದ ಮುಚ್ಚಿ, ಅದರ ಮೇಲೆ ಬೇಕಾದ ಲೇಪ ಹಚ್ಚಬೇಕು. ಶೆಲ್ಯಾಕಿಗೆ ಆಮ್ಲಜನಕದ ಹಂಗಿಲ್ಲದಿರುವುದರಿಂದ ಅದು ಈ ಮರಗಳ ಮೇಲೂ ತಕರಾರಿಲ್ಲದೆ ಒಣಗುತ್ತದೆ.

ಅದೇ ಶೆಲ್ಯಾಕ್ ಅಂಟಾಗಿ ಉಳಿದರೆ ದ್ರಾವಣ ಹಳೆಯದಾಗಿದೆ ಎಂದು ತಿಳಿಯಬೇಕು. ಸ್ಪಿರಿಟ್ಟಿನಲ್ಲಿ ಕರಗಿಸಿಟ್ಟ ಶೆಲ್ಯಾಕ್ ಕಾಲಕ್ರಮದಲ್ಲಿ ಸ್ಪಿರಿಟ್ಟಿನೊಡನೆ ನಿಧಾನವಾಗಿ ವರ್ತಿಸಿ ಗಟ್ಟಿಯಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬಳಸುವ ಹಿಂದಿನ ದಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮರುದಿನ ಬೆಳಗ್ಗೆ ಉಗುರೂರಿ ನೋಡಿದರೆ ಸಾಕು. ಗುರುತು ಬಿದ್ದರೆ ಆ ಬಾಟಲಿಯನ್ನು ಬದಿಗಿಡಬೇಕು. ಮರಕ್ಕೆ ಹಚ್ಚಿಯಾಗಿದ್ದರೆ ಹೊಸ ಸ್ಪಿರಿಟ್ಟಿನಿಂದ ತೊಳೆದು ತೆಗೆಯುವುದು ಸುಲಭ.

ಮುಚ್ಚಳವಿರುವ ಪೆಟ್ಟಿಗೆಗಳ ವಿಚಾರವನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಹೊರಗೆ ಚೆನ್ನಾಗಿ ಒಣಗಿದ ಎಣ್ಣೆ ಒಳಗೆ ಮಾತ್ರ ತಿಂಗಳುಗಟ್ಟಲೆ ವಾಸನೆ ಬೀರುತ್ತಾ, ಇಟ್ಟ ಕಾಗದಕ್ಕೂ ಬಟ್ಟೆಗೂ ಅಂಟುವುದು ಎಣ್ಣೆಯ ಗುಣದ ದೋಷವಲ್ಲ, ಆಯ್ಕೆಯ ದೋಷ. ಮುಚ್ಚಿದ ಒಳಭಾಗಕ್ಕೆ ಗಾಳಿ ಸಿಗುವುದಿಲ್ಲ. ಪೆಟ್ಟಿಗೆಯ ಒಳಗೆ ಶೆಲ್ಯಾಕ್ ಹಚ್ಚುವುದು, ಇಲ್ಲವೇ ಏನನ್ನೂ ಹಚ್ಚದೆ ಬಿಡುವುದು ಸರಿಯಾದ ಕ್ರಮ.

ಬಿಳಿ ಮಂಜು, ಬಿಳಿ ಕಲೆ, ಕಪ್ಪು ಕಲೆ

ಲ್ಯಾಕರ್ ಅಥವಾ ಶೆಲ್ಯಾಕ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮೇಲ್ಮೈ ಹಾಲು ಬೆರೆಸಿದಂತೆ ಬೆಳ್ಳಗಾದರೆ ಗಾಳಿಯ ತೇವ ಕಾರಣ. ದ್ರಾವಕ ವೇಗವಾಗಿ ಆರುವಾಗ ಮೇಲ್ಮೈ ತಂಪಾಗಿ, ಗಾಳಿಯ ನೀರಾವಿ ಅಲ್ಲಿ ಹನಿಗೂಡಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಇದು ಮಾತ್ರ ಗಾಬರಿಯಾಗಬೇಕಾದ ದೋಷವಲ್ಲ. ಗಾಳಿ ಒಣಗಿರುವ ದಿನ ಲ್ಯಾಕರಿನ ಮೇಲೆ ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರನ್ನು ಹೊಗೆಯಷ್ಟು ತೆಳುವಾಗಿ ಸಿಂಪಡಿಸಿದರೆ, ಶೆಲ್ಯಾಕಿನ ಮೇಲೆ ಸ್ಪಿರಿಟ್ ತೇವವಾದ ಬಟ್ಟೆಯುಂಡೆಯನ್ನು ಎಲ್ಲೂ ನಿಲ್ಲಿಸದೆ ಸವರಿದರೆ ಪದರ ಮತ್ತೆ ತೆರೆದುಕೊಂಡು ತೇವ ಹೊರಹೋಗುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಪದರವೇ ಎದ್ದುಬರುತ್ತದೆ. ಕೈಯ ಹಿಂಭಾಗಕ್ಕೆ ತಾಗಿಸಿದಾಗ ತಂಪು ತಿಳಿಯಬೇಕು, ಒದ್ದೆ ಉಳಿಯಬಾರದು.

ಬಳಕೆಯಲ್ಲಿದ್ದ ವಸ್ತುವಿನ ಮೇಲೆ ನೀರಿನ ಕಲೆ ಬಿದ್ದಿದ್ದರೆ ಬಣ್ಣವನ್ನು ನೋಡಿ ಆಳವನ್ನು ಅಳೆಯಬಹುದು. ಬಿಳಿ ಕಲೆ ಲೇಪದೊಳಗಿದೆ. ಮೇಲೆ ಹೇಳಿದ ಉಪಾಯಗಳೇ ಸಾಕು. ಕಪ್ಪು ಕಲೆ ಲೇಪವನ್ನು ದಾಟಿ ಮರಕ್ಕೆ ತಲುಪಿದೆ. ಓಕ್‌ನಂಥ ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚಿರುವ ಮರದಲ್ಲಿ ಕಬ್ಬಿಣದ ಮೊಳೆ, ಕೀಲು ಅಥವಾ ಸ್ಟೀಲ್ ವುಲ್‌ನ ಚೂರು ತೇವದೊಡನೆ ಸೇರಿದಾಗ ಇಂಥದೇ ನೀಲಿಗಪ್ಪು ಕಲೆ ಮೂಡುತ್ತದೆ. ಲೇಪ ತೆಗೆದು ಆಕ್ಸಾಲಿಕ್ ಆಮ್ಲದ ದ್ರಾವಣದಿಂದ ಇದನ್ನು ಬಿಳುಪಾಗಿಸಬಹುದು. ಅದು ವಿಷಕಾರಿಯಾದ್ದರಿಂದ ಕೈಗವಸು, ಕನ್ನಡಕ ಬೇಕು, ಮುಗಿದ ಮೇಲೆ ನೀರಿನಿಂದ ಚೆನ್ನಾಗಿ ತೊಳೆಯಬೇಕು, ಒಣಗಿ ಉಳಿದ ಹರಳುಗಳನ್ನು ಉಜ್ಜಿ ಧೂಳೆಬ್ಬಿಸಬಾರದು. ನೀರಿನಾಧಾರದ ಲೇಪ ಬಳಸುವವರು ಸ್ಟೀಲ್ ವುಲ್ಲನ್ನು ಕೆಲಸದ ಹತ್ತಿರಕ್ಕೂ ತರದಿರುವುದು ಒಳ್ಳೆಯದು.

ಗಾಢ ಬಣ್ಣದ ಮರದ ಮೇಲೆ ನೀರಿನಾಧಾರದ ಲೇಪ ತುಸು ನೀಲಿ ಮಸುಕಾಗಿ ಕಾಣುವುದು ತೇವದಿಂದಲ್ಲ, ಆ ಲೇಪದ ಸ್ವಭಾವದಿಂದ. ಮ್ಯಾಟ್ ಲೇಪವನ್ನು ನಾಲ್ಕೈದು ಪದರ ಹಚ್ಚಿದಾಗಲೂ ಮಸುಕು ಕವಿಯುತ್ತದೆ, ಏಕೆಂದರೆ ಹೊಳಪು ತಗ್ಗಿಸುವ ಸಿಲಿಕಾ ಕಣಗಳು ಪ್ರತಿ ಪದರದಲ್ಲೂ ಸೇರುತ್ತವೆ. ಕೆಳಗಿನ ಪದರಗಳಿಗೆ ಹೊಳಪಿನ ಲೇಪ, ಕೊನೆಯದಕ್ಕೆ ಮಾತ್ರ ಮ್ಯಾಟ್ ಬಳಸಬೇಕು. ಈ ಕಣಗಳು ಡಬ್ಬಿಯ ತಳಕ್ಕೆ ಇಳಿಯುವುದರಿಂದ ಕಲಕದೆ ಹಚ್ಚಿದರೆ ಹೊಳಪು ಅಲ್ಲಲ್ಲಿ ಬೇರೆಬೇರೆಯಾಗುತ್ತದೆ. ಕಲಕಬೇಕೇ ಹೊರತು ಕುಲುಕಬಾರದು, ಕುಲುಕಿದರೆ ಗುಳ್ಳೆಗಳು.

ಕುಳಿ, ಗುಳ್ಳೆ, ಒರಟು

ಹಚ್ಚಿದ ಕೂಡಲೇ ಲೇಪ ದುಂಡಗೆ ಹಿಂದೆ ಸರಿದು ಸಣ್ಣ ಕುಳಿಗಳಾದರೆ ಮೇಲ್ಮೈಯಲ್ಲಿ ಸಿಲಿಕೋನ್ ಇದೆ. ಪೀಠೋಪಕರಣದ ಸ್ಪ್ರೇ, ಯಂತ್ರಗಳಿಗೆ ಹಾಕುವ ಜಾರುಕ, ಕೆಲವು ಕೈ ಕ್ರೀಮುಗಳಿಂದ ಅದು ಬಂದಿರಬಹುದು. ಹಸಿಯಾಗಿರುವಾಗಲೇ ಒರೆಸಿ ತೆಗೆದು, ದ್ರಾವಕದಿಂದ ಬಟ್ಟೆ ಬದಲಿಸುತ್ತಾ ತೊಳೆದು, ಶೆಲ್ಯಾಕಿನಿಂದ ಮುಚ್ಚಿ ಮುಂದುವರಿಯಬೇಕು.

ರಂಧ್ರಗಳ ಬಾಯಲ್ಲೇ ಗುಳ್ಳೆಗಳೆದ್ದರೆ ಮರದೊಳಗಿನ ಗಾಳಿ ಹಿಗ್ಗಿ ಹೊರಬರುತ್ತಿದೆ. ತಣ್ಣಗಿದ್ದ ಮರವನ್ನು ಬಿಸಿಲಿಗೋ ಬೆಚ್ಚಗಿನ ಕೋಣೆಗೋ ತಂದು ಹಚ್ಚಿದಾಗ ಹೀಗಾಗುತ್ತದೆ. ನೀರಿನಾಧಾರದ ಲೇಪದ ಮೊದಲ ಪದರ ಒರಟಾಗುವುದು ದೋಷವೇ ಅಲ್ಲ, ನೀರಿಗೆ ಎಳೆಗಳು ಎದ್ದು ನಿಂತಿರುತ್ತವೆ ಅಷ್ಟೆ. ಮೊದಲೇ ಮರವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಹಗುರವಾಗಿ ಉಜ್ಜಿಟ್ಟರೆ ಈ ತೊಂದರೆ ಬಹಳ ತಗ್ಗುತ್ತದೆ.

ಏಳುವುದು, ಸುಕ್ಕುಗಟ್ಟುವುದು, ಬಿರಿಯುವುದು

ಲೇಪ ಸಿಪ್ಪೆಯಂತೆ ಏಳುತ್ತಿದ್ದರೆ ಎದ್ದ ಚೂರಿನ ಹಿಂಬದಿಯನ್ನು ನೋಡಬೇಕು. ಅಲ್ಲಿ ಮರದ ಪುಡಿ ಅಂಟಿದ್ದರೆ ಧೂಳನ್ನು ಸರಿಯಾಗಿ ತೆಗೆಯದ ತಪ್ಪು. ಬಣ್ಣದ ಪದರ ಅಂಟಿದ್ದರೆ ಬಣ್ಣ ಪೂರ್ತಿ ಒಣಗುವ ಮುನ್ನ ಮೇಲ್ಲೇಪ ಹಚ್ಚಿದ ತಪ್ಪು. ಕನ್ನಡಿಯಂತೆ ನುಣುಪಾಗಿದ್ದರೆ ಎರಡು ಲೇಪಗಳ ನಡುವೆ ಹಿಡಿತವೇ ಇರಲಿಲ್ಲ. ಮೂರನೆಯದಕ್ಕೆ ಮೇಣವೇ ಹೆಚ್ಚಾಗಿ ಕಾರಣ. ಮೇಣದ ಮೇಲೆ ಯಾವ ಲೇಪವೂ ನಿಲ್ಲದ ಕಾರಣ ಮೇಣಕ್ಕೆ ಕೊನೆಯ ಸರದಿ ಮಾತ್ರ. ಸಾಮಾನ್ಯ ಶೆಲ್ಯಾಕಿನಲ್ಲೂ ಸಹಜವಾದ ಮೇಣವಿರುತ್ತದೆ. ಪಾಲಿಯುರೆಥೇನಿನ ಕೆಳಗೆ ಮೇಣ ಬೇರ್ಪಡಿಸಿದ್ದನ್ನೇ ಬಳಸಬೇಕೆನ್ನುವುದು ಇದಕ್ಕಾಗಿಯೇ. ಗಟ್ಟಿಯಾದ ಪಾಲಿಯುರೆಥೇನಿನ ಮೇಲೆ ಇನ್ನೊಂದು ಪದರ ಹಚ್ಚುವ ಮುನ್ನ 320ರ ಪೇಪರಿನಿಂದ ಉಜ್ಜದಿದ್ದರೂ ಹಿಡಿತ ಸಿಗುವುದಿಲ್ಲ, ಏಕೆಂದರೆ ಶೆಲ್ಯಾಕ್, ಲ್ಯಾಕರ್‌ಗಳಂತೆ ಅದರ ಹೊಸ ಪದರ ಹಳೆಯದನ್ನು ಕರಗಿಸಿ ಒಂದಾಗುವುದಿಲ್ಲ.

ಉಳಿದ ಭಾಗದ ಹಿಡಿತ ನಂಬಬಹುದೇ ಎಂದು ತಿಳಿಯಲು ಮರೆಯ ಜಾಗದಲ್ಲಿ ಬ್ಲೇಡಿನಿಂದ ಸುಮಾರು 2 ಮಿಲಿಮೀಟರ್ ಅಂತರದ ಚೌಕುಳಿ ಗೀರಿ, ಅಂಟುಪಟ್ಟಿ ಒತ್ತಿ, ಎಳೆದು ನೋಡಬೇಕು. ಐಎಸ್‌ಒ 2409 ಮಾನದಂಡದ ಪರೀಕ್ಷೆಯ ಮನೆಮಟ್ಟದ ರೂಪವಿದು. ಚೌಕಗಳು ಪಟ್ಟಿಯೊಡನೆ ಎದ್ದುಬಂದರೆ ತೇಪೆ ಹಾಕುವ ಯೋಚನೆ ಬಿಡಬೇಕು.

ಸುಕ್ಕು ಮತ್ತು ಬಿರುಕು ಎರಡಕ್ಕೂ ಮೂಲ ಒಂದೇ: ಕೆಳಗಿನ ಪದರ ಮೆತ್ತಗಿರುವಾಗ ಮೇಲಿನದು ಬಂದಿದೆ. ಮೇಲಿನ ಲೇಪದ ಬಿರುಸಾದ ದ್ರಾವಕ ಕೆಳಗಿನದನ್ನು ಉಬ್ಬಿಸಿದರೆ ಸುಕ್ಕು. ಮೇಲಿನದು ಬೇಗ ಗಟ್ಟಿಯಾಗಿ ಕೆಳಗಿನದು ಇನ್ನೂ ಸರಿದಾಡುತ್ತಿದ್ದರೆ ಬಿರುಕು. ಹಳೆಯ ಕಾಲದ ನೋಟಕ್ಕಾಗಿ ಬೇಕೆಂದೇ ಬಿರಿಸುವ ಅಲಂಕಾರ ತಂತ್ರ ದುಡಿಸಿಕೊಳ್ಳುವುದೂ ಇಂಥದೇ ತತ್ವವನ್ನು.

ಚಿತ್ರ, ರೇಕು, ಹಾಲುಬಣ್ಣ

ಮಾರ್ಕರಿನಲ್ಲಿ ಬರೆದ ಅಥವಾ ಬಿಸಿ ಕಡ್ಡಿಯಿಂದ ಸುಟ್ಟು ಮೂಡಿಸಿದ ರೇಖೆಗಳು ಲೇಪ ಹಚ್ಚಿದಾಗ ಕದಡಿದರೆ ಲೇಪದ ದ್ರಾವಕವನ್ನು ನೋಡಬೇಕು. ಬಹಳಷ್ಟು ಮಾರ್ಕರ್ ಶಾಯಿ ಸ್ಪಿರಿಟ್ಟಿಗೆ ಕರಗುವುದರಿಂದ ಅದರ ಮೇಲೆ ಬ್ರಷ್ಷಿನಿಂದ ಶೆಲ್ಯಾಕ್ ಎಳೆಯುವಂತಿಲ್ಲ. ಸುಟ್ಟ ರೇಖೆಯಲ್ಲಿ ಹರಡುವುದು ಸಡಿಲ ಮಸಿ. ಲೇಪಕ್ಕೆ ಮುನ್ನ ಮೃದುವಾದ ಒಣ ಬ್ರಷ್ಷಿನಿಂದ ಝಾಡಿಸಿ ತೆಗೆಯಬೇಕು.

ಚಿನ್ನದ ಬಣ್ಣದ ರೇಕು ಕೆಲವು ತಿಂಗಳಲ್ಲಿ ಕಂದಿದರೆ ಅದು ಚಿನ್ನವಲ್ಲ, ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಾಳಿ ತಾಗದಂತೆ ಪಾರದರ್ಶಕ ಲೇಪದಿಂದ ಮುಚ್ಚಲೇಬೇಕು. ಕೇಸಿನ್ ಎಂಬ ಹಾಲಿನ ಪ್ರೋಟೀನ್ ಮತ್ತು ಸುಣ್ಣದಿಂದ ಮಾಡಿದ ಹಾಲುಬಣ್ಣ ಉದುರುತ್ತಿದ್ದರೆ ಕೆಳಗೆ ಹಳೆಯ ಲೇಪವೋ ಮೇಣವೋ ಉಳಿದಿದೆ. ಅದು ಹೀರುವ ಬರಿಮರವನ್ನೇ ಬಯಸುತ್ತದೆ.

ತೆಗೆದು ಮತ್ತೆ ಹಚ್ಚುವಾಗಿನ ಆಯ್ಕೆ

ಹೊಸದಾಗಿ ಆರಿಸುವಾಗ ಹೊಳಪಿನ ಬದಲು ದುರಸ್ತಿಯ ದೃಷ್ಟಿಯಿಂದ ಯೋಚಿಸುವುದು ಲೇಸು. ಶೆಲ್ಯಾಕ್ ಮತ್ತು ಲ್ಯಾಕರ್ ಗೀರಿದರೆ ಅದೇ ದ್ರಾವಕದಿಂದ ಕರಗಿಸಿ ಕೂಡಿಸಬಹುದು. ಆದರೆ ಶೆಲ್ಯಾಕಿಗೆ ಬಿಸಿ, ಸ್ಪಿರಿಟ್, ಸೋಪಿನಂಥ ಕ್ಷಾರ ಆಗದು. ಎಣ್ಣೆಯ ಮೆರುಗಿಗೆ ಸವೆದ ಜಾಗದಲ್ಲಿ ಇನ್ನಷ್ಟು ಎಣ್ಣೆ ಉಜ್ಜಿದರೆ ಆಯಿತು, ರಕ್ಷಣೆ ಮಾತ್ರ ಕಡಿಮೆ. ಪಾಲಿಯುರೆಥೇನ್ ಎಲ್ಲಕ್ಕಿಂತ ಗಟ್ಟಿ, ಕೆಟ್ಟಾಗ ತೆಗೆಯುವುದೂ ಎಲ್ಲಕ್ಕಿಂತ ಕಷ್ಟ. ಅಪರೂಪಕ್ಕೆ ಮುಟ್ಟುವ ಅಲಂಕಾರದ ವಸ್ತುವಿಗೆ ಶೆಲ್ಯಾಕ್, ದಿನವೂ ಕೈಯಾಡುವ ವಸ್ತುವಿಗೆ ಎಣ್ಣೆ, ನೀರು ಬೀಳುವಂಥದಕ್ಕೆ ಮಾತ್ರ ಪಾಲಿಯುರೆಥೇನ್ ಎಂಬುದು ನಾನು ಪಾಲಿಸುವ ಕ್ರಮ. ಮಕ್ಕಳು ಬಾಯಿಗಿಡುವ ಆಟಿಕೆಗಾದರೆ, ಹಾನಿಕರ ಧಾತುಗಳು ಹೊರಬರುವ ಮಿತಿಯನ್ನು ನಿಗದಿಪಡಿಸುವ ಇಎನ್ 71-3 ಮಾನದಂಡಕ್ಕೆ ಒಳಪಟ್ಟ ಲೇಪವನ್ನೇ ಆರಿಸಿ, ಪೂರ್ತಿ ಗಟ್ಟಿಯಾಗುವವರೆಗೆ ಕೊಡದಿರಬೇಕು.

ಆಯ್ದ ಕ್ರಮವನ್ನು ಮೊದಲು ಅದೇ ಹಲಗೆಯ ಉಳಿದ ತುಂಡಿನ ಮೇಲೆ, ಅಡ್ಡಕೊಯ್ದ ಮುಖವೂ ಸೇರುವಂತೆ, ಬಣ್ಣದಿಂದ ಮೇಲ್ಲೇಪದವರೆಗೆ ಪೂರ್ತಿ ಹಚ್ಚಿ ನೋಡಬೇಕು. ಬರೀ ಬಣ್ಣ ಹಚ್ಚಿದ ತುಂಡು ಮೇಲ್ಲೇಪದ ಕೆಳಗೆ ಹೇಗೆ ಕಾಣುತ್ತದೆಂದು ತಿಳಿಸುವುದಿಲ್ಲ. ತುಂಡಿನ ಹಿಂಬದಿಯಲ್ಲಿ ಪೇಪರಿನ ಸಂಖ್ಯೆ, ದ್ರಾವಣದ ಪ್ರಮಾಣ, ಪದರಗಳ ನಡುವಿನ ಅವಧಿ ಬರೆದಿಡಬೇಕು. ಇನ್ನು ಒರೆಸಿದ ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು: ಎಣ್ಣೆ ಆಮ್ಲಜನಕದೊಡನೆ ಸೇರುವಾಗ ಹುಟ್ಟುವ ಶಾಖ ಮಡಿಕೆಗಳಲ್ಲಿ ಸಿಕ್ಕಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಅವನ್ನು ಒಂದೊಂದಾಗಿ ಹೊರಗೆ ಹರಡಿ ಬಿರುಸಾಗುವವರೆಗೆ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು.